ಗಣಕದ ಕೈಪಿಡಿಗೂ ಕರಡು ತಿದ್ದುವವರು ಬೇಕು

ಪ್ರತಿ ವರ್ಷ ಈ ವಾರ್ಷಿಕ ಸಂಚಿಕೆಯ ಕರಡಚ್ಚು ಮುದ್ರಣಾಲಯದಿಂದ ಬಂದೊಡನೆ ನೇರವಾಗಿ ಕನ್ನಡ ಅಧ್ಯಾಪಕರ ಮೇಜಿಗೆ ಬರುತ್ತದೆ. ಕೆಂಪು ಪೆನ್ನು ಹಿಡಿದು, ಬಿಟ್ಟುಹೋದ ಒತ್ತಕ್ಷರಗಳನ್ನು ಸೇರಿಸಿ, ಹಿಂದುಮುಂದಾದ ಸಾಲುಗಳನ್ನು ಸರಿಪಡಿಸಿ, ಎರಡು ಮೂರು ಸಂಜೆಗಳನ್ನು ಅದರಲ್ಲಿ ಕಳೆಯುವುದು ನಮಗೆ ಅಭ್ಯಾಸವಾಗಿಹೋಗಿದೆ. ಅಂಥ ನಾವು ಈ ಸಲ ಕಂಪ್ಯೂಟರಿನ ವಿಷಯವಾಗಿ ಬರೆದಿರುವುದನ್ನು ಕಂಡು, "ಕನ್ನಡ ಮಾಷ್ಟ್ರಿಗೂ ಕಂಪ್ಯೂಟರಿಗೂ ಏನು ಸಂಬಂಧ?" ಎಂದು ಹೆತ್ತವರು ಕೇಳಬಹುದು. ಸಂಬಂಧ ಉಂಟು. ಅದನ್ನು ನಮಗೆ ತೋರಿಸಿಕೊಟ್ಟದ್ದು ಒಂದು ಚಿಕ್ಕ ಗೀಟು.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕಂಪ್ಯೂಟರ್ ಲ್ಯಾಬಿನಿಂದ ಸಪ್ಪೆ ಮುಖ ಮಾಡಿಕೊಂಡು ಹೊರಗೆ ಬಂದಳು. ವಿಚಾರಿಸಿದೆವು. "ಮಾಷ್ಟ್ರೇ, ಹಾಳೆಯಲ್ಲಿ ಇದ್ದ ಹಾಗೆಯೇ ಟೈಪ್ ಮಾಡಿದೆ. ಆದರೂ ತಪ್ಪು ಅಂತ ಹೇಳುತ್ತದೆ. ನನಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಅಲ್ಲವಾ, ಅದಕ್ಕೇ ಇರಬೇಕು. ಇದೆಲ್ಲ ಇಂಗ್ಲಿಷ್ ಮೀಡಿಯಂನವರಿಗೆ ಮಾತ್ರ ಆಗುವಂಥದ್ದು" ಎಂದಳು. ಮೂರು ದಿನ ಅದೇ ಸಾಲನ್ನು ಮತ್ತೆ ಮತ್ತೆ ಟೈಪ್ ಮಾಡಿ ನೋಡಿದ್ದಳಂತೆ.

ಅವಳ ಕೈಯಲ್ಲಿದ್ದುದು ಯಾವುದೋ ಒಂದು ಕೈಪಿಡಿಯಿಂದ ಇಳಿಸಿಕೊಂಡು ಅಚ್ಚು ಹಾಕಿದ ಹಾಳೆ. ಗಣಕದಲ್ಲಿ ಇರುವ ಪೈಥಾನ್ ಭಾಷೆಯ ಆವೃತ್ತಿ ಯಾವುದು ಎಂದು ತಿಳಿಯಲು ಬರೆಯಬೇಕಾದ ಆಜ್ಞೆ ಅದರಲ್ಲಿತ್ತು: 'ಪೈಥಾನ್' ಎಂಬ ಪದ, ಬಳಿಕ ಒಂದು ಉದ್ದದ ಅಡ್ಡಗೀಟು, ಅದಕ್ಕೆ ಅಂಟಿಕೊಂಡು 'ವರ್ಷನ್' ಎಂಬ ಪದ. (ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಬೇಕಾದ ಇಂಥ ಮಾತುಗಳನ್ನು ಈ ಲೇಖನದಲ್ಲಿ ನಮ್ಮ ಲಿಪಿಯಲ್ಲಿಯೇ ಬರೆದಿದ್ದೇವೆ.) ಹುಡುಗಿ ಕಂಡದ್ದನ್ನು ಕಂಡಂತೆ ಒಂದು ಗೀಟು ಹಾಕಿ ಬರೆದಿದ್ದಳು. "ಇ ಎಂಬ ಆಯ್ಕೆ ನನಗೆ ತಿಳಿಯದು" ಎಂದು ಯಂತ್ರ ಉತ್ತರ ಕೊಟ್ಟಿತ್ತು.

ಲ್ಯಾಬಿನ ಹೊಣೆ ಹೊತ್ತಿರುವ ಅಧ್ಯಾಪಕರೊಡನೆ ಕುಳಿತು ನೋಡಿದಾಗ ಗುಟ್ಟು ಬಯಲಾಯಿತು. ಅಲ್ಲಿ ಇರಬೇಕಾದುದು ಒಂದು ಉದ್ದದ ಗೀಟು ಅಲ್ಲ, ಎರಡು ಚಿಕ್ಕ ಗೀಟುಗಳು. ಎರಡು ಗೀಟುಗಳಿದ್ದರೆ ಮುಂದಿನ ಇಡೀ ಪದ ಒಂದೇ ಆಜ್ಞೆ ಎಂದು ಪೈಥಾನ್ ತಿಳಿದುಕೊಳ್ಳುತ್ತದೆ. ಒಂದೇ ಗೀಟಿದ್ದರೆ ಪದದ ಒಂದೊಂದು ಅಕ್ಷರವೂ ಒಂದೊಂದು ಆಜ್ಞೆ ಎಂದು ತಿಳಿಯುತ್ತದೆ. ವರ್ಷನ್ ಪದದ ಮೊದಲಕ್ಷರ 'ವಿ'. ಆ ಹೆಸರಿನ ಆಯ್ಕೆ ಉಂಟು, ಒಪ್ಪಿಕೊಂಡಿತು. ಎರಡನೆಯದು 'ಇ', ಆ ಹೆಸರಿನದು ಇಲ್ಲ, ನಿಂತುಬಿಟ್ಟಿತು. ಕೈಪಿಡಿಯನ್ನು ಬರೆದವನು ಎರಡು ಗೀಟುಗಳನ್ನೇ ಬರೆದಿದ್ದ. ಆದರೆ 'ಇದನ್ನು ಇದ್ದ ಹಾಗೆಯೇ ಅಚ್ಚು ಹಾಕು' ಎಂಬ ಗುರುತನ್ನು ಅದರ ಸುತ್ತ ಹಾಕಲು ಮರೆತಿದ್ದ. ಪುಟವನ್ನು ಅಂದಗೊಳಿಸುವ ತಂತ್ರಾಂಶ ಎರಡು ಗೀಟುಗಳನ್ನು ಕೂಡಿಸಿ ಒಂದು ಉದ್ದದ ಗೀಟು ಮಾಡಿತ್ತು. ತಪ್ಪು ಹುಡುಗಿಯದಲ್ಲ, ಅವಳ ಇಂಗ್ಲಿಷಿನದೂ ಅಲ್ಲ, ಪುಟದ್ದು.

ಈ ಬಗೆಯ ತಪ್ಪಿಗೆ ಗಣಕದವರು ಮಾರ್ಕಪ್ ದೋಷ ಎನ್ನುತ್ತಾರೆ. ಅದು ಏನು, ಹೇಗೆ ಹುಟ್ಟುತ್ತದೆ, ಅದನ್ನು ತಿದ್ದುವುದು ಹೇಗೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಓದುವುದಕ್ಕಲ್ಲದ ಗುರುತು

ಹಳೆಯ ಓಲೆಗರಿಗಳಲ್ಲಿಯೂ ಕೈಬರಹದ ಪುಸ್ತಕಗಳಲ್ಲಿಯೂ ಒಂದು ಅಕ್ಷರವೋ ಪದವೋ ಬಿಟ್ಟುಹೋದರೆ ಆ ಜಾಗದಲ್ಲಿ ಹಂಸಪಾದ ಹಾಕಿ, ಬಿಟ್ಟುದನ್ನು ಮೇಲೆಯೋ ಅಂಚಿನಲ್ಲಿಯೋ ಬರೆಯುವುದು ವಾಡಿಕೆ. ನೀವೂ ಪ್ರಬಂಧ ಬರೆಯುವಾಗ ಹಾಗೆ ಮಾಡುತ್ತೀರಿ. ಹಂಸಪಾದವನ್ನು ಯಾರೂ ಬಾಯಿಬಿಟ್ಟು ಓದುವುದಿಲ್ಲ. ಅದು ಪಠ್ಯದ ಭಾಗವಲ್ಲ, ಪಠ್ಯವನ್ನು ಕುರಿತ ಸೂಚನೆ. ಓದುಗನು ಅದನ್ನು ಪಾಲಿಸಿ ಮುಂದೆ ಹೋಗುತ್ತಾನೆ.

ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಸಂಪಾದಕರು ಹಸ್ತಪ್ರತಿಯ ಮೇಲೆ ಇಂಥ ಸೂಚನೆಗಳನ್ನು ಪೆನ್ಸಿಲಿನಿಂದ ಬರೆದು ಕಳಿಸುತ್ತಿದ್ದರು. ಇಂಗ್ಲಿಷ್ ಮುದ್ರಣದಲ್ಲಿ ಪದದ ಕೆಳಗೆ ಒಂದು ಗೆರೆ ಎಳೆದರೆ ಓರೆ ಅಕ್ಷರ, ಅಲೆಯಂತಹ ಗೆರೆ ಎಳೆದರೆ ದಪ್ಪ ಅಕ್ಷರ, ಮೂರು ಗೆರೆ ಎಳೆದರೆ ದೊಡ್ಡಕ್ಷರ. ಹೀಗೆ ಗುರುತು ಹಾಕುವುದಕ್ಕೆ ಮಾರ್ಕಪ್ ಎಂದು ಹೆಸರು. ಮೊಳೆ ಜೋಡಿಸುವವರು ಗುರುತನ್ನು ನೋಡಿ ಪಾಲಿಸುತ್ತಿದ್ದರೇ ಹೊರತು ಅದನ್ನೇ ಅಚ್ಚು ಹಾಕುತ್ತಿರಲಿಲ್ಲ.

ಮುಂದೆ ಈ ಕೆಲಸ ಗಣಕಕ್ಕೆ ಬಂತು. 1969ರಲ್ಲಿ ಅಮೆರಿಕದ ಐ.ಬಿ.ಎಂ. ಕಂಪೆನಿಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಶರ್, ರೇಮಂಡ್ ಲೋರಿ ಎಂಬ ಮೂವರು ಸೇರಿ ಗಣಕಕ್ಕೆ ತಿಳಿಯುವಂತಹ ಗುರುತುಗಳ ಭಾಷೆಯೊಂದನ್ನು ರೂಪಿಸಿದರು. ಅದರಿಂದ ಬೆಳೆದ ಎಸ್.ಜಿ.ಎಂ.ಎಲ್. 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಜಿನೀವಾದ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು ಅದರ ಮಾದರಿಯಲ್ಲೇ ಎಚ್.ಟಿ.ಎಂ.ಎಲ್. ಎಂಬುದನ್ನು ಕಟ್ಟಿದರು. ಇಂದು ಅಂತರಜಾಲದಲ್ಲಿ ನೀವು ತೆರೆಯುವ ಪ್ರತಿಯೊಂದು ಪುಟದ ಹಿಂದೆಯೂ ಎಚ್.ಟಿ.ಎಂ.ಎಲ್. ಗುರುತುಗಳಿವೆ.

ಕನ್ನಡ ಟೈಪ್ ಮಾಡುವವರಿಗೆ ಕಾಣದ ಗುರುತೊಂದು ಪರಿಚಿತವೇ. 'ರಾಜ್‌ಕುಮಾರ್' ಎಂದು ಬರೆಯುವಾಗ 'ಜ್' ಮತ್ತು 'ಕು' ಇವುಗಳ ನಡುವೆ ಅಕ್ಷರ ಕೂಡಿಕೊಳ್ಳದಂತೆ ತಡೆಯುವ ಒಂದು ಗುರುತನ್ನು ಹಾಕಬೇಕಾಗುತ್ತದೆ. ಅದಕ್ಕೆ ಅಗಲವೂ ಇಲ್ಲ, ಆಕಾರವೂ ಇಲ್ಲ. ಬಿಟ್ಟರೆ ಮಾತ್ರ ಹೆಸರು 'ರಾಜ್ಕುಮಾರ್' ಆಗಿಬಿಡುತ್ತದೆ. ಒಳ್ಳೆಯ ಗುರುತಿನ ಲಕ್ಷಣವೇ ಅದು: ಸರಿಯಾಗಿರುವಾಗ ಕಾಣಿಸುವುದಿಲ್ಲ, ತಪ್ಪಿದಾಗ ಮಾತ್ರ ಕಣ್ಣಿಗೆ ಕುಕ್ಕುತ್ತದೆ. ಕೆಲವೊಮ್ಮೆ ತಪ್ಪಿದಾಗಲೂ ಕಾಣಿಸುವುದಿಲ್ಲ. ನಮ್ಮ ಕಡೆಯ ಒಂದು ಪ್ರಶ್ನೆಪತ್ರಿಕೆಯಲ್ಲಿ ಹತ್ತರ ಆರನೆಯ ಘಾತವು ಅಚ್ಚಾಗುವಾಗ 106 ಎಂದಾಗಿತ್ತು. ಮೇಲೆ ಚಿಕ್ಕದಾಗಿ ನಿಲ್ಲಬೇಕಾಗಿದ್ದ ಆರು ಕೆಳಗೆ ಇಳಿದು ಸಾಲಿನಲ್ಲಿ ಸೇರಿಕೊಂಡಿತ್ತು. ಹತ್ತು ಲಕ್ಷ ನೂರಾ ಆರು ಆಯಿತು. ನೂರಾ ಆರು ಎಂಬುದು ತಪ್ಪಾದ ಸಂಖ್ಯೆಯೇನಲ್ಲವಲ್ಲ! ಮಕ್ಕಳು ಅದನ್ನೇ ನಂಬಿ ಲೆಕ್ಕ ಮಾಡಿದರು.

ಲೈಬ್ರರಿ ಮತ್ತು ಅದರ ಕೈಪಿಡಿ

ಇನ್ನು ಕೈಪಿಡಿಯ ವಿಷಯ. ಹೆತ್ತವರಲ್ಲಿ ಹಲವರು ಶಾಲೆಯಲ್ಲಿ ಲಾಗ್ ಟೇಬಲ್ ಬಳಸಿದವರು. ಲಾಗರಿದಮ್ಮನ್ನು ನಾವು ಯಾರೂ ಮೊದಲಿನಿಂದ ಲೆಕ್ಕ ಹಾಕುತ್ತಿರಲಿಲ್ಲ. ಬಲ್ಲವರು ಒಮ್ಮೆ ಹಾಕಿಟ್ಟ ಲೆಕ್ಕವನ್ನು ಪುಟ ತೆರೆದು ತೆಗೆದುಕೊಳ್ಳುತ್ತಿದ್ದೆವು. ಗಣಕದಲ್ಲಿಯೂ ಹಾಗೆಯೇ. ಪದೇ ಪದೇ ಬೇಕಾಗುವ ಕೆಲಸಗಳನ್ನು ಬಲ್ಲವರು ಮೊದಲೇ ಬರೆದಿಟ್ಟಿರುತ್ತಾರೆ: ವರ್ಗಮೂಲ ಕಂಡುಹಿಡಿಯುವುದು, ತಾರೀಕು ಎಣಿಸುವುದು, ಗೆರೆ ಎಳೆಯುವುದು ಇತ್ಯಾದಿ. ಈ ಸಿದ್ಧ ಭಾಗಗಳ ಭಂಡಾರಕ್ಕೆ ಲೈಬ್ರರಿ ಎಂದು ಹೆಸರು. ಭಂಡಾರದಲ್ಲಿ ಏನೇನಿದೆ, ಯಾವುದನ್ನು ಯಾವ ಹೆಸರಿನಿಂದ ಕರೆಯಬೇಕು, ಕರೆಯುವಾಗ ಏನು ಕೊಡಬೇಕು, ಅದು ಏನನ್ನು ಹಿಂದಕ್ಕೆ ಕೊಡುತ್ತದೆ, ಯಾವ ಎಚ್ಚರಿಕೆ ಬೇಕು ಎಂದು ಹೇಳುವ ಪುಸ್ತಕವೇ ಪರಾಮರ್ಶನ ಕೈಪಿಡಿ. ಇದನ್ನು ಕಾದಂಬರಿಯಂತೆ ಮೊದಲಿನಿಂದ ಕೊನೆಯವರೆಗೆ ಯಾರೂ ಓದುವುದಿಲ್ಲ. ನಿಘಂಟಿನಂತೆ ಬೇಕಾದಾಗ ತೆರೆದು, ಒಂದು ಪದ ನೋಡಿ, ಅಲ್ಲಿ ಹೇಳಿದ್ದನ್ನು ನಂಬಿ ಕೆಲಸಕ್ಕೆ ಇಳಿಯುತ್ತಾರೆ. ಆದುದರಿಂದಲೇ ಇಲ್ಲಿ ಒಂದು ಗುರುತಿನ ತಪ್ಪು ಕಥೆಯ ಪುಸ್ತಕದಲ್ಲಿನ ತಪ್ಪಿಗಿಂತ ಹೆಚ್ಚು ಕೆಡುಕು ಮಾಡುತ್ತದೆ.

ನಾವು ಉದಾಹರಣೆಗೆ ಪೈಥಾನ್ ಭಾಷೆಯ ಲೈಬ್ರರಿಯ ಕೈಪಿಡಿಯನ್ನು ತೆಗೆದುಕೊಳ್ಳೋಣ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅದರ ಮೂಲಕ ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಲ್ಯಾಬುಗಳಿಗೂ ಗ್ನೂ/ಲಿನಕ್ಸ್ ಬಂದಿದೆ, ಹೈಸ್ಕೂಲಿನ ಪಾಠಗಳಲ್ಲಿ ಪೈಥಾನ್ ಬಂದಿದೆ. ನೆದರ್ಲೆಂಡ್ಸ್ ದೇಶದ ಗೀಡೋ ವಾನ್ ರಾಸಮ್ ಅವರು ರಚಿಸಿದ ಈ ಭಾಷೆ 1991ರಲ್ಲಿ ಹೊರಬಂತು. ಅದರ ಕೈಪಿಡಿಯನ್ನು ಮೊದಲು ಲೇಟೆಕ್ ಎಂಬ ಗುರುತುಭಾಷೆಯಲ್ಲಿ ಬರೆಯುತ್ತಿದ್ದರು. 2007ರಲ್ಲಿ ಜಾರ್ಜ್ ಬ್ರಾಂಡ್ಲ್ ಎಂಬವರ ಮುಂದಾಳುತನದಲ್ಲಿ ಅದನ್ನೆಲ್ಲ ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಸರಳ ಗುರುತುಭಾಷೆಗೆ ಬದಲಾಯಿಸಿದರು. ಹೆಸರು ಉದ್ದವಾದುದರಿಂದ ನಾವು ಅದನ್ನು ಆರ್.ಎಸ್.ಟಿ. ಎನ್ನೋಣ. ಈ ಮೂಲವನ್ನು ಓದಿ, ಗುರುತುಗಳನ್ನು ಪಾಲಿಸಿ, ಅಂದವಾದ ಪುಟಗಳನ್ನು ಕಟ್ಟಿಕೊಡುವ ತಂತ್ರಾಂಶದ ಹೆಸರು ಸ್ಫಿಂಕ್ಸ್. ಅದು 2008ರಲ್ಲಿ ಬಿಡುಗಡೆಯಾಯಿತು. ಒಂದೇ ಮೂಲದಿಂದ ಜಾಲಪುಟ, ಪಿ.ಡಿ.ಎಫ್., ಇ-ಪುಸ್ತಕ ಎಲ್ಲವೂ ಸಿದ್ಧವಾಗುತ್ತವೆ. ಮೂಲದಲ್ಲಿ ಒಂದು ಗುರುತು ತಪ್ಪಿದರೆ ಅಷ್ಟು ರೂಪಗಳಲ್ಲಿಯೂ ಆ ತಪ್ಪು ಹರಡುತ್ತದೆ.

ತಪ್ಪುಗಳ ಬಗೆಗಳು

ಆರ್.ಎಸ್.ಟಿ.ಯಲ್ಲಿ ಗುರುತುಗಳು ಬಹಳ ಚಿಕ್ಕವು. ಪದದ ಎರಡೂ ಬದಿಗೆ ಒಂದೊಂದು ನಕ್ಷತ್ರ (*) ಹಾಕಿದರೆ ಓರೆ ಅಕ್ಷರ, ಎರಡೆರಡು ಹಾಕಿದರೆ ದಪ್ಪ ಅಕ್ಷರ. ಕೀಲಿಮಣೆಯ ಎಡಮೂಲೆಯಲ್ಲಿ ವಾಲಿದ ಗೀರಿನಂತಹ ಒಂದು ಚಿಹ್ನೆ (`) ಇದೆ. ಅದಕ್ಕೆ ಬ್ಯಾಕ್‌ಟಿಕ್ ಎನ್ನುತ್ತಾರೆ. ಎರಡೂ ಬದಿಗೆ ಎರಡೆರಡು ಬ್ಯಾಕ್‌ಟಿಕ್ ಹಾಕಿದರೆ 'ಇದು ಯಂತ್ರದ ಮಾತು, ಇದ್ದ ಹಾಗೆಯೇ ಇರಲಿ' ಎಂದು ಅರ್ಥ. ನಮ್ಮ ಹುಡುಗಿಯ ಹಾಳೆಯಲ್ಲಿ ತಪ್ಪಿಹೋಗಿದ್ದುದು ಇಂಥದೇ ಒಂದು ಗುರುತು.

ತಪ್ಪುಗಳಲ್ಲಿ ಮೊದಲನೆಯ ಬಗೆ, ಗುರುತು ಪಾಲನೆಯಾಗದೆ ತಾನೇ ಪುಟದ ಮೇಲೆ ಬಂದು ಕುಳಿತುಕೊಳ್ಳುವುದು. ಒಂದು ಕಡೆ ನಕ್ಷತ್ರ ಹಾಕಿ ಇನ್ನೊಂದು ಕಡೆ ಮರೆತರೆ ಆ ಒಂಟಿ ನಕ್ಷತ್ರ ಓದುಗನಿಗೆ ಕಾಣುತ್ತದೆ. ಹಂಸಪಾದವನ್ನೇ ಅಚ್ಚು ಹಾಕಿದಂತೆ ಇದು. ಓದುಗನು ಆ ನಕ್ಷತ್ರವೂ ಆಜ್ಞೆಯ ಭಾಗವೋ ಏನೋ ಎಂದು ಗಲಿಬಿಲಿಗೊಳ್ಳುತ್ತಾನೆ. ಪೈಥಾನಿನಲ್ಲಿ ನಕ್ಷತ್ರಕ್ಕೆ ಗುಣಾಕಾರವೇ ಮೊದಲಾದ ಅರ್ಥಗಳಿರುವುದರಿಂದ ಈ ಗಲಿಬಿಲಿ ಸಹಜವೇ.

ಎರಡನೆಯ ಬಗೆ, ಗುರುತಿನ ಪ್ರಭಾವ ಹರಡಿಹೋಗುವುದು. ಎಚ್.ಟಿ.ಎಂ.ಎಲ್.ನಲ್ಲಿ ದಪ್ಪ ಅಕ್ಷರದ ಗುರುತನ್ನು ತೆರೆದು ಮುಚ್ಚಲು ಮರೆತರೆ ಮುಂದಿನ ಪ್ಯಾರಾಗಳೂ ದಪ್ಪವಾಗುತ್ತವೆ. ತೋಟಕ್ಕೆ ನೀರು ಬಿಟ್ಟು ಕಟ್ಟ ಹಾಕಲು ಮರೆತ ಹಾಗೆ. ಆರ್.ಎಸ್.ಟಿ.ಯಲ್ಲಿ ಇಂಥ ಗುರುತು ಒಂದು ಪ್ಯಾರಾವನ್ನು ದಾಟಲಾರದು, ಆದುದರಿಂದ ಹಾನಿ ಅಷ್ಟಕ್ಕೇ ನಿಲ್ಲುತ್ತದೆ.

ಮೂರನೆಯ ಬಗೆ, ರಚನೆ ಕೆಡುವುದು. ಪೈಥಾನಿನ ಕಾರ್ಯಕ್ರಮದಲ್ಲಿ ಸಾಲು ಎಲ್ಲಿ ಮುರಿಯುತ್ತದೆ, ಎಡಕ್ಕೆ ಎಷ್ಟು ಜಾಗ ಬಿಟ್ಟಿದೆ ಎಂಬುದಕ್ಕೂ ಅರ್ಥವಿದೆ. ಪರದೆಯ ಮೇಲೆ ಆಮೆಯನ್ನು ನಡೆಸಿ ಚಿತ್ರ ಬಿಡಿಸುವ ಪಾಠವನ್ನು ನಿಮ್ಮಲ್ಲಿ ಕೆಲವರು ಮಾಡಿರಬಹುದು. ಚೌಕ ಬಿಡಿಸಲು ಹೀಗೆ ಬರೆಯಬೇಕು: ಮೊದಲ ಸಾಲಿನಲ್ಲಿ 'ನಾಲ್ಕು ಸಲ ಮಾಡು' ಎಂಬ ಆಜ್ಞೆ, ಅದರ ಕೆಳಗೆ ಸ್ವಲ್ಪ ಒಳಕ್ಕೆ ಸರಿಸಿ 'ಫಾರ್ವರ್ಡ್ (100)', ಅದರ ಕೆಳಗೆ ಇನ್ನೊಂದು ಸಾಲಿನಲ್ಲಿ 'ಲೆಫ್ಟ್ (90)'. ಕೈಪಿಡಿಯಲ್ಲಿ ಇಂಥ ಉದಾಹರಣೆಗೆ ಮುಂಚಿನ ವಾಕ್ಯದ ಕೊನೆಗೆ ಎರಡು ವಿವರಣ ಚಿಹ್ನೆಗಳನ್ನು (::) ಹಾಕಿ, ಒಂದು ಸಾಲು ಖಾಲಿ ಬಿಡಬೇಕು. ಆಗ ಮುಂದಿನದೆಲ್ಲ ಇದ್ದ ಹಾಗೆಯೇ ಉಳಿಯುತ್ತದೆ. ಎರಡರ ಬದಲು ಒಂದೇ ಹಾಕಿದರೆ ಸ್ಫಿಂಕ್ಸ್ ಅದನ್ನು ಸಾಮಾನ್ಯ ಗದ್ಯವೆಂದು ತಿಳಿದು, ಫಾರ್ವರ್ಡ್ ಮತ್ತು ಲೆಫ್ಟ್ ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿಬಿಡುತ್ತದೆ. ಹಾಗೆಯೇ ನಕಲು ಮಾಡಿದರೆ ಆಮೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ.

ನಾಲ್ಕನೆಯ ಬಗೆ ಎಲ್ಲಕ್ಕಿಂತ ಅಪಾಯದ್ದು: ಇದ್ದುದು ಇಲ್ಲವಾಗುವುದು. ಎಚ್.ಟಿ.ಎಂ.ಎಲ್.ನಲ್ಲಿ ಗುರುತುಗಳನ್ನು < ಮತ್ತು > ಎಂಬ ಚಿಹ್ನೆಗಳ ನಡುವೆ ಬರೆಯುತ್ತಾರೆ. ಸಿ ಭಾಷೆಯ ಕಾರ್ಯಕ್ರಮದ ಮೊದಲ ಸಾಲಿನಲ್ಲಿ, ಬೇಕಾದ ಕಡತದ ಹೆಸರನ್ನೂ ಇವೇ ಚಿಹ್ನೆಗಳ ನಡುವೆ ಬರೆಯುವುದುಂಟು. ಕೈಪಿಡಿಯವರು ಎಚ್ಚರ ತಪ್ಪಿ ಅದನ್ನು ಹಾಗೆಯೇ ಬರೆದರೆ, ಪುಟ ತೋರಿಸುವ ತಂತ್ರಾಂಶವು ಅದು ತನಗೆ ತಿಳಿಯದ ಯಾವುದೋ ಗುರುತೆಂದು ಭಾವಿಸಿ ಮರೆಮಾಡುತ್ತದೆ. ಕಡತದ ಹೆಸರೇ ಪುಟದಲ್ಲಿ ಇರುವುದಿಲ್ಲ.

ಆರ್.ಎಸ್.ಟಿ.ಯಲ್ಲಿ ಎಚ್ಚರಿಕೆಯ ಚೌಕಟ್ಟು ಹಾಕಲು ಎರಡು ಚುಕ್ಕೆ, ಒಂದು ತೆರಪು, 'ವಾರ್ನಿಂಗ್' ಎಂಬ ಪದ, ಬಳಿಕ :: ಬರೆಯಬೇಕು. ಇಲ್ಲಿ :: ಬದಲಿಗೆ : ಮಾತ್ರ ಬರೆದರೆ ಏನಾಗುತ್ತದೆ ಬಲ್ಲಿರಾ? ಎರಡು ಚುಕ್ಕೆಯಿಂದ ಆರಂಭವಾಗಿ ಯಾವ ಆಜ್ಞೆಯೂ ಆಗದ ಸಾಲನ್ನು ಸ್ಫಿಂಕ್ಸ್ 'ಲೇಖಕನು ತನಗಾಗಿ ಬರೆದುಕೊಂಡ ಟಿಪ್ಪಣಿ' ಎಂದು ತಿಳಿಯುತ್ತದೆ. ಅದನ್ನೂ ಅದರ ಕೆಳಗೆ ಒಳಸರಿಸಿ ಬರೆದ ಎಲ್ಲವನ್ನೂ ಪುಟದಿಂದ ಬಿಟ್ಟುಬಿಡುತ್ತದೆ. ಒಂದು ದೂರನ್ನೂ ಹೇಳುವುದಿಲ್ಲ. ಪೈಥಾನ್ ಕೈಪಿಡಿಯಲ್ಲಿ 'ರಾಂಡಮ್' ಎಂಬ ಭಾಗಕ್ಕೆ ಒಂದು ಎಚ್ಚರಿಕೆ ಇದೆ: ಇದು ಕೊಡುವ ಯಾದೃಚ್ಛಿಕ ಸಂಖ್ಯೆಗಳನ್ನು ಭದ್ರತೆಯ ಕೆಲಸಗಳಿಗೆ ಬಳಸಬಾರದು ಎಂದು. ಗುಪ್ತಪದಗಳನ್ನು ಸೃಷ್ಟಿಸುವಂತಹ ಕೆಲಸಕ್ಕೆ 'ಸೀಕ್ರೆಟ್ಸ್' ಎಂಬ ಬೇರೆಯೇ ಭಾಗವಿದೆ. ಒಂದು ವಿವರಣ ಚಿಹ್ನೆ ಬಿದ್ದುಹೋದರೆ ಈ ಎಚ್ಚರಿಕೆ ಇಡಿಯಾಗಿ ಮಾಯವಾಗಬಹುದು. ಪುಟ ಮಾತ್ರ ಅಂದವಾಗಿಯೇ ಇರುತ್ತದೆ! ಔಷಧದ ಬಾಟಲಿಯಿಂದ 'ಹೊರಗೆ ಹಚ್ಚಲು ಮಾತ್ರ' ಎಂಬ ಚೀಟಿ ಉದುರಿದರೆ ಬಾಟಲಿಯನ್ನು ನೋಡಿದವರಿಗೆ ಅದು ತಿಳಿಯುವುದೇ?

ತಿದ್ದುವ ಕ್ರಮ

ಇಂಥ ತಪ್ಪನ್ನು ತಿದ್ದಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಆದರೆ ಕ್ರಮ ಬೇಕು. ಕರಡು ತಿದ್ದುವವರು ಪಾಲಿಸುವ ಕ್ರಮವೇ ಇಲ್ಲಿಯೂ ಸಲ್ಲುತ್ತದೆ.

ಮೊದಲನೆಯದಾಗಿ, ಸಂಶಯಪಡಲು ಕಲಿಯಬೇಕು. ಪುಟದಲ್ಲಿ ಒಂಟಿ ನಕ್ಷತ್ರ, ಕಾರಣವಿಲ್ಲದ ಬ್ಯಾಕ್‌ಟಿಕ್, ಒಂದಕ್ಕೊಂದು ಅಂಟಿಕೊಂಡ ಕಾರ್ಯಕ್ರಮದ ಸಾಲುಗಳು, ಅರ್ಧಕ್ಕೆ ನಿಂತಂತೆ ತೋರುವ ವಾಕ್ಯ, 'ಕೆಳಗಿನಂತೆ' ಎಂದು ಹೇಳಿ ಕೆಳಗೆ ಏನೂ ಇಲ್ಲದಿರುವುದು, ಇಂಥವು ಕಂಡರೆ ನಿಲ್ಲಬೇಕು. ನೆಟ್ಟಗಿರಬೇಕಾದ ಉದ್ಧರಣ ಚಿಹ್ನೆಗಳು ಬಾಗಿಕೊಂಡಿದ್ದರೂ ನಿಲ್ಲಬೇಕು. ಬಾಗಿದ ಚಿಹ್ನೆಯನ್ನು ಪೈಥಾನ್ ಒಪ್ಪುವುದಿಲ್ಲ.

ಎರಡನೆಯದಾಗಿ, ಮೂಲಕ್ಕೆ ಹೋಗಬೇಕು. ಅಚ್ಚಾದ ಸಾವಿರ ಪ್ರತಿಗಳಲ್ಲಿ ಒಂದೊಂದನ್ನೇ ತಿದ್ದುವುದು ಹುಚ್ಚುತನ, ಮೊಳೆ ಜೋಡಿಸಿದ ಚೌಕಟ್ಟಿನಲ್ಲಿಯೇ ತಿದ್ದಬೇಕು. ಪೈಥಾನ್ ಕೈಪಿಡಿಯ ಪುಟಗಳ ಬದಿಯಲ್ಲಿ 'ಮೂಲವನ್ನು ತೋರಿಸು' ಎಂಬ ಕೊಂಡಿ ಇದೆ. ಅದನ್ನು ಒತ್ತಿದರೆ ಗುರುತುಗಳೊಂದಿಗೆ ಬರೆದ ಪಠ್ಯ ತೆರೆದುಕೊಳ್ಳುತ್ತದೆ. ಎಡಗಡೆ ಪುಟ, ಬಲಗಡೆ ಮೂಲ ಇಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ ನೋಡಬೇಕು.

ಮೂರನೆಯದಾಗಿ, ಕಾರಣವನ್ನು ಕಾಣಿಸಿದ ಜಾಗದಲ್ಲಿ ಮಾತ್ರವಲ್ಲ, ಅದಕ್ಕಿಂತ ಮೇಲೆ ಹುಡುಕಬೇಕು. ಕೆಳಗಿನ ಮೂರು ಪ್ಯಾರಾ ದಪ್ಪವಾಗಿದ್ದರೆ ತಪ್ಪು ಆ ಮೂರರಲ್ಲಿ ಇರುವುದಿಲ್ಲ, ಅವುಗಳಿಗಿಂತ ಮೊದಲು ಎಲ್ಲೋ ಇರುತ್ತದೆ. ಗದ್ದೆಯಲ್ಲಿ ನೀರು ನಿಂತರೆ ಕಟ್ಟ ಒಡೆದದ್ದು ಮೇಲಿನ ಗದ್ದೆಯಲ್ಲಿ ಎಂದು ನಿಮ್ಮ ಅಜ್ಜಂದಿರಿಗೆ ಗೊತ್ತು.

ನಾಲ್ಕನೆಯದಾಗಿ, ತಿದ್ದಬೇಕಾದಷ್ಟನ್ನೇ ತಿದ್ದಬೇಕು. ಒಂದು ಬ್ಯಾಕ್‌ಟಿಕ್ ಸೇರಿಸಲು ಹೋಗಿ, ವಾಕ್ಯ ತನಗೆ ಹಿಡಿಸಲಿಲ್ಲವೆಂದು ಅದನ್ನೂ ಬದಲಾಯಿಸಿದರೆ ಪರಿಶೀಲಿಸುವವರಿಗೆ ಕಷ್ಟ. ಕರಡು ತಿದ್ದುವವನು ಲೇಖಕನಲ್ಲ ಎಂಬ ಮಾತನ್ನು ಹಿರಿಯರು ನಮಗೆ ಹೇಳಿಕೊಟ್ಟಿದ್ದಾರೆ.

ಐದನೆಯದಾಗಿ, ತಿದ್ದಿದ ಮೇಲೆ ಪುಟವನ್ನು ಮತ್ತೆ ಕಟ್ಟಿ ಕಣ್ಣಾರೆ ನೋಡಬೇಕು. ಸ್ಫಿಂಕ್ಸ್ ಪುಟ ಕಟ್ಟುವಾಗ ತನಗೆ ತಿಳಿದ ತಪ್ಪುಗಳನ್ನು ಕಡತದ ಹೆಸರು ಮತ್ತು ಸಾಲಿನ ಸಂಖ್ಯೆ ಸಹಿತ ಹೇಳುತ್ತದೆ. ಅದು ಗಮನಿಸದ ಕೆಲವನ್ನು ಹಿಡಿಯಲು ಸ್ಫಿಂಕ್ಸ್-ಲಿಂಟ್ ಎಂಬ ಇನ್ನೊಂದು ಸಾಧನವಿದೆ. ಮೇಲೆ ಹೇಳಿದ, ಎಚ್ಚರಿಕೆಯನ್ನು ಮಾಯ ಮಾಡುವ ಒಂಟಿ ವಿವರಣ ಚಿಹ್ನೆಯನ್ನು ಅದು ಗುರುತಿಸಬಲ್ಲದು.

ಕೊನೆಯದಾಗಿ, ತಿದ್ದುಪಡಿಯನ್ನು ಕೈಪಿಡಿಯನ್ನು ನೋಡಿಕೊಳ್ಳುವವರಿಗೆ ಕಳಿಸಬೇಕು. ಪೈಥಾನಿನ ಮೂಲವೆಲ್ಲ 2017ರಿಂದ ಗಿಟ್‌ಹಬ್ ಎಂಬ ತಾಣದಲ್ಲಿದೆ. ಅಲ್ಲಿ ಯಾರು ಬೇಕಾದರೂ 'ಇಲ್ಲಿ ಹೀಗಿದೆ, ಹೀಗಿರಬೇಕು, ಕಾರಣ ಇದು' ಎಂದು ಬರೆದು ತಿದ್ದುಪಡಿಯನ್ನು ಮುಂದಿಡಬಹುದು. ಬಲ್ಲವರೊಬ್ಬರು ಪರಿಶೀಲಿಸಿ, ಸರಿಯಿದ್ದರೆ ಸೇರಿಸಿಕೊಳ್ಳುತ್ತಾರೆ. ಸರಿಯಿಲ್ಲದಿದ್ದರೆ ಏಕೆಂದು ಹೇಳುತ್ತಾರೆ. ಹೆತ್ತವರ ಗಮನಕ್ಕೆ ಒಂದು ಮಾತು: ಆ ತಾಣದಲ್ಲಿ ಖಾತೆ ತೆರೆಯಲು 13 ವರ್ಷ ತುಂಬಿರಬೇಕು ಎಂಬ ನಿಯಮವಿದೆ. ಮಕ್ಕಳು ಖಾತೆ ತೆರೆಯುವುದಿದ್ದರೆ ನಿಮಗೆ ತಿಳಿಸಿಯೇ ತೆರೆಯಲಿ.

ಯಂತ್ರ ಹಿಡಿಯಲಾರದ ತಪ್ಪು

"ತಪ್ಪು ಹಿಡಿಯುವ ಸಾಧನಗಳು ಇರುವಾಗ ಮನುಷ್ಯರು ಏಕೆ ಕಣ್ಣು ಬಾಡಿಸಿಕೊಳ್ಳಬೇಕು?" ಎಂದು ಕೇಳಬಹುದು. ಒಂದು ಕನ್ನಡದ ಉದಾಹರಣೆ ಕೊಡುತ್ತೇವೆ. 'ಹಾಲು ಅನ್ನ' ಎಂದು ಬರೆಯುವಲ್ಲಿ 'ಹಾಳು ಅನ್ನ' ಎಂದು ಬರೆದರೆ ಕಾಗುಣಿತ ನೋಡುವ ತಂತ್ರಾಂಶ ಸುಮ್ಮನಿರುತ್ತದೆ. ಹಾಳು ಎಂಬುದೂ ಕನ್ನಡದ ಪದವೇ. ಉಣ್ಣುವವನಿಗೆ ಮಾತ್ರ ವ್ಯತ್ಯಾಸ ಗೊತ್ತು. ಅದೇ ರೀತಿ ಎರಡು ಗೀಟು ಕೂಡಿ ಒಂದಾದದ್ದು ಗುರುತುಭಾಷೆಯ ವ್ಯಾಕರಣದ ಪ್ರಕಾರ ತಪ್ಪಲ್ಲ. ಗದ್ಯದಲ್ಲಿ ಎರಡು ಗೀಟು ಬರೆದರೆ ಉದ್ದದ ಗೀಟು ಎಂದೇ ಸ್ಫಿಂಕ್ಸ್ ತಿಳಿಯುತ್ತದೆ. ಹತ್ತರ ಘಾತ 106 ಆದರೂ ವ್ಯಾಕರಣ ಕೆಡುವುದಿಲ್ಲ. ಗುರುತು ಸರಿಯಾಗಿದೆಯೇ ಎಂದು ಯಂತ್ರ ನೋಡುತ್ತದೆ. ಲೇಖಕನು ಹೇಳಹೊರಟದ್ದು ಇದೇ ಹೌದೋ ಎಂದು ಕೇಳಿಕೊಳ್ಳುವುದು ಓದುಗನ ಕೆಲಸ. ಅದಕ್ಕೆ ಪುಟದಲ್ಲಿ ಹೇಳಿದಂತೆ ಮಾಡಿ ನೋಡುವವರು ಬೇಕು.

ಅಂಥ ಓದುಗ ಯಾರು? ಬಲ್ಲವರು ಕೈಪಿಡಿ ತೆರೆದಾಗ ತಪ್ಪನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಮುಂದೆ ಹೋಗಿಬಿಡುತ್ತಾರೆ. ಎರಡು ಗೀಟು ಇರಬೇಕೆಂದು ಅವರಿಗೆ ಮೊದಲೇ ಗೊತ್ತಿರುವುದರಿಂದ ಒಂದನ್ನು ಕಂಡರೂ ಎರಡೆಂದೇ ಓದುತ್ತಾರೆ. ನಮ್ಮದೇ ಲೇಖನದ ಕರಡನ್ನು ನಾವೇ ತಿದ್ದಬಾರದು ಎನ್ನುವುದು ಇದೇ ಕಾರಣಕ್ಕೆ. ಮುಗ್ಗರಿಸುವವನು ಹೊಸಬ. ಇದ್ದುದನ್ನು ಇದ್ದ ಹಾಗೆ ಓದಿ, ಹಾಗೆಯೇ ಮಾಡಿ, ಬಿದ್ದವನು. ತಪ್ಪು ಇರುವ ಜಾಗ ಖಚಿತವಾಗಿ ಗೊತ್ತಿರುವುದು ಅವನಿಗೇ.

ಆದರೆ ಹೊಸಬನು ಏನು ಮಾಡುತ್ತಾನೆ? ತನ್ನನ್ನೇ ದೂರಿಕೊಳ್ಳುತ್ತಾನೆ. ನಮ್ಮ ಗಡಿನಾಡಿನ ಮಕ್ಕಳಲ್ಲಿ ಈ ಅಭ್ಯಾಸ ಸ್ವಲ್ಪ ಹೆಚ್ಚು ಎಂದು ನಮಗೆ ತೋರುತ್ತದೆ. ಮನೆಯಲ್ಲಿ ಒಂದು ಮಾತು, ಪೇಟೆಯಲ್ಲಿ ಒಂದು, ಕಛೇರಿಯಲ್ಲಿ ಒಂದು, ಪುಸ್ತಕದಲ್ಲಿ ಇನ್ನೊಂದು. ಎಲ್ಲಿ ಏನು ತಪ್ಪಿದರೂ 'ನನಗೆ ಭಾಷೆ ಬರುವುದಿಲ್ಲ' ಎಂದುಕೊಂಡು ತಲೆ ತಗ್ಗಿಸಿ ಬರುವುದು ನಮಗೆ ರೂಢಿಯಾಗಿದೆ. ಕನ್ನಡ ಮತ್ತು ಮಲಯಾಳ ಎರಡರಲ್ಲೂ ಓದಿ ಬಂದ ನಾವೂ ಚಿಕ್ಕಂದಿನಲ್ಲಿ ಹಾಗೆ ತಲೆ ತಗ್ಗಿಸಿದವರೇ. ವಾಸ್ತವವಾಗಿ ನೋಡಿದರೆ, ಎರಡು ಮೂರು ಲಿಪಿಗಳ ನಡುವೆ ಬೆಳೆದ ಕಣ್ಣು ಚಿಹ್ನೆಗಳ ವಿಷಯದಲ್ಲಿ ಹೆಚ್ಚು ಚುರುಕಾಗಿರುತ್ತದೆ. ಹ್ರಸ್ವ ದೀರ್ಘ, ಅಲ್ಪಪ್ರಾಣ ಮಹಾಪ್ರಾಣ ಎಂದು ನಾವು ಉಕ್ತಲೇಖನದಲ್ಲಿ ಕಾಡಿಸಿದ್ದು ವ್ಯರ್ಥವಾಗಿಲ್ಲ. ಒಂದು ಗೀಟಿಗೂ ಎರಡು ಗೀಟಿಗೂ ಇರುವ ವ್ಯತ್ಯಾಸ ಕಾಣುವುದಕ್ಕೆ ಬೇಕಾದ ಎಚ್ಚರ ಅದೇ.

ಹಾಗೆಂದು ಪ್ರತಿಯೊಂದು ತಪ್ಪೂ ಪುಟದ್ದೇ ಎಂದು ತಿಳಿಯಬೇಡಿ. ಹೆಚ್ಚಿನ ಸಲ ತಪ್ಪು ನಮ್ಮ ಬೆರಳಿನದೇ ಆಗಿರುತ್ತದೆ. ಮೊದಲು ನಿಮ್ಮ ಸಾಲನ್ನು ಅಕ್ಷರ ಅಕ್ಷರವಾಗಿ ಪುಟದ ಸಾಲಿನೊಂದಿಗೆ ಹೋಲಿಸಿರಿ. ಎರಡೂ ಒಂದೇ ಆಗಿದ್ದು ಯಂತ್ರ ಒಪ್ಪದಿದ್ದರೆ, ಆಗ ಪುಟವನ್ನು ಸಂಶಯಪಡುವ ಹಕ್ಕು ನಿಮಗೆ ಬರುತ್ತದೆ. ಮೂಲ ತೆರೆದು ನೋಡಿ. ಅಧ್ಯಾಪಕರನ್ನು ಕೇಳಿ. ತಪ್ಪು ಪುಟದ್ದೇ ಎಂದು ಖಚಿತವಾದರೆ ಬರೆದು ತಿಳಿಸಿ. ನಿಮ್ಮ ಹಿಂದಿನಿಂದ ಬರುವ, ಮುಖ ನೋಡದ ಎಷ್ಟೋ ಮಂದಿ ಅದೇ ಜಾಗದಲ್ಲಿ ಮುಗ್ಗರಿಸದೆ ಮುಂದೆ ಹೋಗುತ್ತಾರೆ.

ಆ ಹುಡುಗಿಯ ಹಾಳೆಯ ಮೇಲೆ ನಾವು ಕೆಂಪು ಪೆನ್ನಿನಿಂದ ಹಂಸಪಾದ ಹಾಕಿ ಇನ್ನೊಂದು ಗೀಟು ಸೇರಿಸಿಕೊಟ್ಟೆವು. ಅವಳು ಓಡಿಹೋಗಿ ಟೈಪ್ ಮಾಡಿದಳು, ಆವೃತ್ತಿಯ ಸಂಖ್ಯೆ ಪರದೆಯ ಮೇಲೆ ಬಂತು. ಹಿಂದಿರುಗಿ ಬಂದು, "ಮಾಷ್ಟ್ರೇ, ಉಳಿದವರ ಹಾಳೆಯಲ್ಲಿಯೂ ಹೀಗೆಯೇ ಇದೆಯಲ್ಲ, ಅವರಿಗೆ ಯಾರು ಹೇಳುವುದು?" ಎಂದು ಕೇಳಿದಳು. ಆ ಸಂಜೆ ಹಾಳೆಯ ಮೂಲ ಕಡತವನ್ನು ತೆರೆಸಿ, ಅವಳ ಕೈಯಿಂದಲೇ ತಿದ್ದಿಸಿ, ಹೊಸದಾಗಿ ಅಚ್ಚು ಹಾಕಿಸಿದೆವು.

ಈ ವರ್ಷದ ಸಂಚಿಕೆಯ ಕರಡು ತಿದ್ದುವಾಗ ಅವಳು ನಮ್ಮೊಂದಿಗೆ ಕುಳಿತಿದ್ದಳು. ಆದರೂ ಕೆಲವು ತಪ್ಪುಗಳು ನಮ್ಮಿಬ್ಬರ ಕಣ್ಣು ತಪ್ಪಿಸಿ ಉಳಿದಿರಬಹುದು. ನಿಮಗೆ ಕಂಡರೆ ನಿಮ್ಮ ಪ್ರತಿಯಲ್ಲಿ ಮಾತ್ರ ತಿದ್ದಿ ಸುಮ್ಮನಾಗಬೇಡಿ. ಪುಟದ ಸಂಖ್ಯೆ, ಸಾಲಿನ ಸಂಖ್ಯೆ, ಈಗ ಇರುವುದು, ಇರಬೇಕಾದುದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕನ್ನಡ ವಿಭಾಗಕ್ಕೆ ತಲುಪಿಸಿರಿ. ಮೂಲ ಕಡತ ನಮ್ಮಲ್ಲಿದೆ.